ಕೊನೆ ತಿಳಿದ ಕಥೆ

ಪತ್ತೇದಾರಿ ಕಾದಂಬರಿಯ ಕೊನೆಯನ್ನು ಮೊದಲೇ ಹೇಳಿಬಿಡುವವರ ಮೇಲೆ ನಮಗೆಲ್ಲ ಕೋಪವುಂಟು. ಆದರೆ ಫ್ರೆಡರಿಕ್ ಫೋರ್ಸೈತರು 1971ರಲ್ಲಿ ಪ್ರಕಟಿಸಿದ ‘ದಿ ಡೇ ಆಫ್ ದಿ ಜಾಕಲ್’ ಕೃತಿಯ ಕೊನೆ ಲೋಕಕ್ಕೇ ತಿಳಿದದ್ದು. ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಅವರನ್ನು 1963ರಲ್ಲಿ ಕೊಲ್ಲಲು ಕೂಲಿಯ ಹಂತಕನೊಬ್ಬ ಹೊರಡುತ್ತಾನೆ. ದ ಗಾಲ್ ತೀರಿಕೊಂಡದ್ದೋ 1970ರಲ್ಲಿ, ತಮ್ಮ ಮನೆಯಲ್ಲಿಯೇ. ಗುಂಡು ಗುರಿ ತಪ್ಪಲೇಬೇಕು. ಆದರೂ ಪುಸ್ತಕವನ್ನು ಕೆಳಗಿಡಲಾಗುವುದಿಲ್ಲ!

ಗುಟ್ಟಿರುವುದು ಸಿದ್ಧತೆಯ ವಿವರಗಳಲ್ಲಿ. ಎಂದೋ ಸತ್ತ ಮಗುವಿನ ಜನನಪತ್ರದಿಂದ ಪಡೆದ ಪಾಸ್‌ಪೋರ್ಟು, ಊರುಗೋಲಿನೊಳಗೆ ಅಡಗುವ ಬಂದೂಕು, ಕಾಡಿನಲ್ಲಿ ಕರಬೂಜದ ಹಣ್ಣಿಗೆ ಗುರಿಯಿಟ್ಟು ನಡೆಸುವ ಅಭ್ಯಾಸ – ಲೇಖಕರು ಹಿಂದೆ ಪ್ಯಾರಿಸ್ಸಿನಲ್ಲಿ ರಾಯಿಟರ್ ಸಂಸ್ಥೆಯ ಸುದ್ದಿಗಾರರಾಗಿದ್ದುದು ಸಾರ್ಥಕವಾಗಿದೆ. ‘ಏನಾದೀತು’ ಎಂಬ ಕುತೂಹಲ ಹೋಗಿ, ‘ಹೇಗೆ ಮಾಡಿಯಾನು’ ಎಂಬುದು ನಮ್ಮನ್ನು ಹಿಡಿಯುತ್ತದೆ.

ನನ್ನ ಆಕ್ಷೇಪವೂ ಇಲ್ಲಿಯೇ. ಹೆಸರಿಲ್ಲದ ಆ ಹಂತಕನ ಕಾರ್ಯಶ್ರದ್ಧೆಗೆ ಮರುಳಾದ ಓದುಗನು, ಗಡಿಯ ತಪಾಸಣೆಯಲ್ಲಿ ಅವನು ಸಿಕ್ಕಿಬೀಳದಿರಲಿ ಎಂದು ತನಗರಿವಿಲ್ಲದೆ ಹಾರೈಸತೊಡಗುತ್ತಾನೆ. ಆಶ್ರಯವಿತ್ತ ಹೆಂಗಸನ್ನೇ ಅವನು ಕೊಂದಾಗಲೂ ಕಥೆ ಆಕೆಗಾಗಿ ನಿಲ್ಲದೆ ಮುಂದಕ್ಕೋಡುತ್ತದೆ, ನಾವೂ ಓಡುತ್ತೇವೆ.

ಅವನನ್ನು ಬೆನ್ನಟ್ಟುವ ಲೆಬೆಲ್ ಮನೆಯಲ್ಲಿ ಹೆಂಡತಿಗೆ ಅಂಜುವ ಸಾಧು ಮನುಷ್ಯ. ನಿದ್ದೆಗೆಟ್ಟು, ಮೇಲಧಿಕಾರಿಗಳ ಕೊಂಕುಮಾತುಗಳನ್ನು ನುಂಗಿಕೊಂಡು ದುಡಿಯುವ ಈತನೇ ನನಗೆ ಈ ಕಾದಂಬರಿಯಲ್ಲಿ ಮೆಚ್ಚಿಗೆಯಾದ ಜೀವ.