ಎಟಿಎಂ ಒಳಗಿನ ನೋಟು ಲೆಕ್ಕಕ್ಕಿಲ್ಲ

2025ರ ಜುಲೈಯಲ್ಲಿ ಹೊರಮಾವು ಸೇರಿದಂತೆ ಬೆಂಗಳೂರಿನ ಹಲವೆಡೆ ಅಂಗಡಿಗಳ ಕ್ಯೂಆರ್ ಕೋಡ್ ಮಾಯವಾಗಿ, ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿ ಕಾಣಿಸಿಕೊಂಡಿತು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಹೀಗೆ ಎಲ್ಲರೂ ನಗದಿಗೆ ಮರಳಿದರೆ ದೇಶದಲ್ಲಿ ಹಣ ಹೆಚ್ಚುತ್ತದೆಯೇ?

ಇಲ್ಲ. ಯಾಕೆಂದು ತಿಳಿಯಲು ಎಂ1 ಗೊತ್ತಿರಬೇಕು. ಜನರ ಕೈಲಿರುವ ನೋಟು-ನಾಣ್ಯ, ಕೇಳಿದ ಕೂಡಲೇ ಸಿಗುವ ಬ್ಯಾಂಕ್ ಠೇವಣಿ (ಬೇಡಿಕೆ ಠೇವಣಿ), ಜೊತೆಗೆ ರಿಸರ್ವ್ ಬ್ಯಾಂಕಿನಲ್ಲಿರುವ ಒಂದಿಷ್ಟು ಇತರ ಠೇವಣಿ: ಇವು ಸೇರಿದರೆ ಎಂ1, ಅಂದರೆ ಸಂಕುಚಿತ ಹಣ. ಅವಧಿ ಠೇವಣಿಯನ್ನೂ ಕೂಡಿಸಿದರೆ ಎಂ3.

ಓದುಗರು ಎಡವುವುದು ‘ಜನರ ಕೈಲಿರುವ’ ಎಂಬಲ್ಲಿ. ಮೈಸೂರಿನ ನೋಟು ಮುದ್ರಣಾಲಯದಲ್ಲಿ ಅಚ್ಚಾಗಿ ಕಟ್ಟುಕಟ್ಟಾಗಿ ಕೂತ ನೋಟು ಇನ್ನೂ ಹಣವಲ್ಲ. ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಯಲ್ಲಿ ಕಾದಿಟ್ಟದ್ದೂ ಅಲ್ಲ. ಎಟಿಎಂಗೆ ತುಂಬಿದ ನೋಟು ಚಲಾವಣೆಯ ಲೆಕ್ಕಕ್ಕೆ ಬರುತ್ತದೆ, ಆದರೆ ಅದು ಬ್ಯಾಂಕಿನ ಕೈಲಿರುವ ನಗದು, ಎಂ1ಕ್ಕೆ ಸೇರದು.

ಕಲ್ಯಾಣ ನಗರದ ಒಬ್ಬ ದಿನಸಿ ವ್ಯಾಪಾರಿ ಚಾಲ್ತಿ ಖಾತೆಯಿಂದ ₹10,000 ತೆಗೆದರೆಂದುಕೊಳ್ಳಿ. ನೋಟು ಎಟಿಎಂ ಬಾಯಿಂದ ಅವರ ಕೈಗೆ ಬಂದ ಕ್ಷಣ ಜನರ ನಗದು ₹10,000 ಏರಿತು, ಠೇವಣಿ ಅಷ್ಟೇ ಇಳಿಯಿತು. ಎಂ1 ಕದಲಲಿಲ್ಲ. ಅದೇ ಮೊತ್ತವನ್ನು ಅವರು ಯುಪಿಐಯಲ್ಲಿ ಸಗಟು ವ್ಯಾಪಾರಿಯ ಚಾಲ್ತಿ ಖಾತೆಗೆ ಕಳಿಸಿದ್ದರೂ ಅಷ್ಟೇ, ಠೇವಣಿ ಖಾತೆ ಬದಲಿಸಿತು, ಮೊತ್ತ ಬದಲಾಗಲಿಲ್ಲ. ಯುಪಿಐ ಹೊಸ ಹಣವಲ್ಲ, ಇದ್ದ ಹಣ ಸಾಗುವ ದಾರಿ. ಆದರೆ ಅದನ್ನೇ ಅವರು ಒಂದು ವರ್ಷಕ್ಕೆ ಎಫ್‌ಡಿ ಇಟ್ಟರೆ ಎಂ1 ಕುಗ್ಗುತ್ತದೆ, ಎಂ3 ಹಾಗೇ ಉಳಿಯುತ್ತದೆ. ನನಗೆ ಈ ಲೆಕ್ಕ ಎಷ್ಟು ಸಲ ಹೇಳಿದರೂ ಬೇಸರವಾಗದು.

ಹಾಗಾದರೆ ನಗದಿನ ಏರಿಳಿತ ಗಮನಿಸುವುದೇಕೆ? ವ್ಯಾಪಾರಿ ಒಯ್ದ ನೋಟು ಬ್ಯಾಂಕಿನ ಮೀಸಲಿನಿಂದ ಹೋದದ್ದು. ಊರಿಗೆ ಊರೇ ಹೀಗೆ ತೆಗೆದರೆ ಬ್ಯಾಂಕುಗಳ ಕೈ ಕಟ್ಟಿದಂತಾಗಿ ಸಾಲ ಬಿಗಿಯಾಗುತ್ತದೆ. ರಿಸರ್ವ್ ಬ್ಯಾಂಕ್ ಸರ್ಕಾರಿ ಬಾಂಡ್ ಕೊಂಡು ಅಥವಾ ಬೇರೆ ದಾರಿಯಿಂದ ಆ ಕೊರತೆ ತುಂಬಬೇಕಾಗುತ್ತದೆ. ನಗದು ಬ್ಯಾಂಕಿಗೆ ವಾಪಸಾದರೆ ಇದೇ ಆಟ ತಿರುವುಮುರುವಾಗುತ್ತದೆ.

2016ರ ನವೆಂಬರ್ 8ರ ನೋಟು ರದ್ದತಿ ಇದನ್ನು ದೇಶದ ಗಾತ್ರದಲ್ಲಿ ತೋರಿಸಿತು. ನವೆಂಬರ್ 4ರಂದು ಸುಮಾರು ₹18 ಲಕ್ಷ ಕೋಟಿ ಇದ್ದ ಚಲಾವಣೆ 2017ರ ಜನವರಿ 6ಕ್ಕೆ ಸುಮಾರು ₹9 ಲಕ್ಷ ಕೋಟಿಗೆ ಕುಸಿಯಿತು. ನಗದೊಂದನ್ನೇ ನೋಡಿದವರಿಗೆ ದೇಶದ ಅರ್ಧ ಹಣ ಆವಿಯಾದಂತೆ ಕಂಡಿರಬೇಕು. ಆದರೆ ಠೇವಣಿ ಉಬ್ಬಿತು, ಎಂ3 ಹಾಗೆ ಕುಸಿಯಲಿಲ್ಲ. ರೂಪವಷ್ಟೇ ಬದಲಾಯಿತಲ್ಲ ಎಂದು ಇದನ್ನು ಹಗುರ ಮಾಡಬೇಡಿ: ಪಾಸ್‌ಬುಕ್ಕಿನಲ್ಲಿ ಹಣವಿದ್ದೂ ಕೂಲಿ ಕೊಡಲು ನೋಟಿಲ್ಲದೆ ಪರದಾಡಿದವರ ಕಷ್ಟ ಯಾವ ಮೊತ್ತದಲ್ಲೂ ಕಾಣದು.

ಯುಪಿಐ ಬಂದಮೇಲೆ ನೋಟು ಕಡಿಮೆಯಾಯಿತೆಂಬ ನಂಬಿಕೆಯೂ ತಪ್ಪು. 2025ರ ಮಾರ್ಚ್ ಕೊನೆಗೆ ₹36 ಲಕ್ಷ ಕೋಟಿಗೂ ಮೀರಿದ ನೋಟು ಚಲಾವಣೆಯಲ್ಲಿತ್ತು, ರದ್ದತಿಗೆ ಮುಂಚಿನದರ ಎರಡು ಪಟ್ಟು. ಜಿಡಿಪಿಗೆ ಹೋಲಿಸಿದಾಗ ಮಾತ್ರ ಚಿತ್ರ ಬೇರೆ: ಕೋವಿಡ್ ಕಾಲದಲ್ಲಿ ಶೇ. 14 ದಾಟಿದ್ದ ಚಲಾವಣೆ 2025ರ ಮಾರ್ಚ್ ಹೊತ್ತಿಗೆ ಶೇ. 12ಕ್ಕಿಂತ ಕೆಳಗಿತ್ತು.

ರಿಸರ್ವ್ ಬ್ಯಾಂಕಿನ ಪಾಕ್ಷಿಕ ಹಣದ ಪಟ್ಟಿಯನ್ನು ನೀವೇ ತೆರೆದು ನೋಡಿ, ದಯವಿಟ್ಟು. ಜನರ ಕೈಲಿರುವ ನಗದನ್ನೂ ಬೇಡಿಕೆ ಠೇವಣಿಯನ್ನೂ ಪಕ್ಕಪಕ್ಕ ಇಟ್ಟು ಓದಿ. ಹಿಂದಿನ ವರ್ಷದ ಅದೇ ಪಕ್ಷಕ್ಕೆ ಹೋಲಿಸುವ ಮುನ್ನ ಪಂಚಾಂಗವನ್ನೊಮ್ಮೆ ನೋಡಿಬಿಡಿ: ಹಬ್ಬದ ಖರೀದಿಗೆ ನಗದು ಉಬ್ಬುತ್ತದೆ, ದೀಪಾವಳಿ 2023ರಲ್ಲಿ ನವೆಂಬರ್ ಎರಡನೇ ವಾರ ಬಂದಿತ್ತು, 2025ರಲ್ಲಿ ಅಕ್ಟೋಬರ್ 20ರ ಹೊತ್ತಿಗೆ.