ಮೀರ್ ಸಾದಿಕನನ್ನು ಹುಡುಕುತ್ತ

ಹೊಸಹೊಳಲಿನ ನಮ್ಮ ಮನೆಯಲ್ಲಿ ಯಾರಾದರೂ ಮಾತಿಗೆ ತಪ್ಪಿದರೆ ಅಜ್ಜಿ ‘ಮೀರ್ ಸಾದಿಕ್’ ಎಂದು ಜರೆಯುವುದುಂಟು. ಈ ಹೆಸರಿಗೆ ಆಧಾರವೇನೆಂದು ತಿಳಿಯುವ ಕುತೂಹಲದಿಂದ ನಾನು ಈ ವರ್ಷ ಗ್ರಂಥಭಂಡಾರದ ಒಂದು ಮೂಲೆ ಹಿಡಿದೆ.

1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ದಿವಾನ ಮೀರ್ ಸಾದಿಕನು ಸಂಬಳ ಹಂಚುವ ನೆಪದಿಂದ, ಗೋಡೆ ಒಡೆದಿದ್ದ ಕಡೆಯ ಕಾವಲನ್ನು ತೆಗೆಸಿದನೆಂಬುದು ಪ್ರಚಲಿತ ಕಥೆ. ಆ ಗದ್ದಲದಲ್ಲಿ ಸುಲ್ತಾನನ ಸಿಪಾಯಿಗಳೇ ಅವನನ್ನು ಕೊಂದರು. ಹೀಗಾಗಿ ಅವನ ಸಮಜಾಯಿಷಿ ನಮಗೆ ದೊರೆಯದು. ಟೀಪುವಿನ ಚರಿತ್ರೆ ಬರೆದ ಕಿರ್ಮಾನಿ ದ್ರೋಹವನ್ನು ಬಣ್ಣಿಸಿ ಹೇಳುತ್ತಾನೆ. ಇಂಗ್ಲಿಷ್ ಸೇನೆಯೊಡನಿದ್ದ ಬೀಟ್ಸನ್ 1800ರಲ್ಲಿ ಅಚ್ಚು ಹಾಕಿಸಿದ ಗ್ರಂಥದಲ್ಲಾದರೋ ತೋಪು, ಬಿರುಕು, ದಾಳಿಯ ಏರ್ಪಾಡುಗಳಿಗೇ ಪ್ರಾಧಾನ್ಯ. ಸೋತವರ ಕಡೆಯವನು ದ್ರೋಹಿಯನ್ನು ತೋರಿಸುವುದೂ ಗೆದ್ದವರು ಶೌರ್ಯವನ್ನು ತೋರಿಸುವುದೂ ಸಹಜವೇ ಅಲ್ಲವೆ?

ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು. ರಾಣಿ ಲಕ್ಷ್ಮಮ್ಮಣ್ಣಿಯವರು ತಿರುಮಲರಾಯನ ಮೂಲಕ ಇಂಗ್ಲಿಷರೊಡನೆ ಗುಟ್ಟಾಗಿ ವ್ಯವಹರಿಸಿದರು. 1782ರಲ್ಲಿ ಒಪ್ಪಂದವೂ ಆಯಿತು. ಹೈದರನ ಕಣ್ಣಿಗೆ ಇದು ದ್ರೋಹ. ಅರಮನೆಗೆ, ಕಳೆದ ರಾಜ್ಯವನ್ನು ಮರಳಿ ಪಡೆಯುವ ಧರ್ಮ. ಇನ್ನು ಪೂರ್ಣಯ್ಯನವರು: ಟೀಪುವಿನ ಮಂತ್ರಿಯಾಗಿದ್ದ ಅವರು 1799ರಲ್ಲೇ ಒಡೆಯರ ದಿವಾನರಾದರು, 1811ರವರೆಗೆ ಆಡಳಿತ ನಡೆಸಿದರು. ಅವರ ಹೆಸರು ಬೈಗುಳವಾಗಲಿಲ್ಲ.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಎಲೆಗೆ ಸುಣ್ಣ ಸವರುತ್ತ, “ಹಾಗಾದರೆ ಅವನು ಬಾಗಿಲು ತೆಗೆದನೋ ಇಲ್ಲವೋ, ಅದನ್ನು ಹೇಳು” ಎಂದರು. ನಾನು ಮತ್ತೆ ಗ್ರಂಥಭಂಡಾರಕ್ಕೆ ಹೋಗಬೇಕಾಗಿದೆ.