ಹಳೇ ಕಾರಿನಿಂದ ಸ್ಪೋರ್ಟ್ಸ್ ಕಾರು: ಆಸೆ ಸರಿ, ಆರ್‌ಸಿ ಕಥೆ ಏನು?

ನಂಜನಗೂಡಿನಿಂದ ತಿ. ನರಸೀಪುರದ ಕಡೆ ಕಾರು ಓಡಿಸಿದವರಿಗೆ ಗೊತ್ತು. ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರ್, ಊರು ಬಂದರೆ ಹಂಪ್, ಸುಗ್ಗಿಯಲ್ಲಿ ರಸ್ತೆ ಮೇಲೇ ಹುರುಳಿ ಒಕ್ಕಣೆ. ಇಲ್ಲಿ 200 ಕಿ.ಮೀ. ವೇಗ ಇಟ್ಕೊಂಡು ಏನು ಮಾಡೋದು ಹೇಳಿ? ಆದರೂ ಶೆಡ್ಡಿನಲ್ಲಿ ಧೂಳು ಹಿಡಿದಿರುವ ಅಜ್ಜನ ಪದ್ಮಿನಿ ಕಂಡಾಗ, ಇದನ್ನೇ ಬಿಚ್ಚಿ ನಮ್ಮದೇ ಒಂದು ಸ್ಪೋರ್ಟ್ಸ್ ಕಾರು ಕಟ್ಟಿಸಿದರೆ ಹೇಗೆ ಅನ್ನೋ ಆಸೆ ಹುಟ್ಟದೇ ಇರಲ್ಲ.

ಆಸೆ ಹೊಸದಲ್ಲ. ನಮ್ಮ ಬೆಂಗಳೂರಿನಲ್ಲೇ ಸಿಪಾನಿ ಅನ್ನೋ ಸಣ್ಣ ಕಂಪನಿ ಇತ್ತು. ಮೊದಲು 'ಬಾದಲ್' ಎಂಬ ಮೂರು ಚಕ್ರದ ಗಾಡಿ, ಆಮೇಲೆ 1982ರಲ್ಲಿ 'ಡಾಲ್ಫಿನ್' ಕಾರು. ಬ್ರಿಟನ್ನಿನ ರಿಲಯಂಟ್ ಕಿಟನ್ ಇದರ ಮೂಲ. 848 ಸಿಸಿ ಎಂಜಿನ್, ಎರಡೇ ಬಾಗಿಲು, ಫೈಬರ್ ಗ್ಲಾಸ್ ಬಾಡಿ. ನೋಡಲು ಆಟಿಕೆಯಂತಿದ್ದ ಈ ಕಾರನ್ನು ರ‍್ಯಾಲಿ, ರೇಸಿನವರು ಇಷ್ಟಪಟ್ಟರು. ಗುಟ್ಟು ತೂಕದಲ್ಲಿತ್ತು. ಪದ್ಮಿನಿ ಹತ್ತಿರ ಹತ್ತಿರ 900 ಕಿಲೋ. ಕಿಟನ್ 500 ಕಿಲೋಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಎತ್ತು ಚಿಕ್ಕದಾದರೂ ಗಾಡಿಯ ಹೊರೆ ಹಗುರ! ಆದರೆ 1983ರ ಕೊನೆಗೆ ನಾಲ್ಕು ಬಾಗಿಲಿನ ಮಾರುತಿ 800 ಬಂತು. ಸಂಸಾರಸ್ಥರು ಅದರ ಹಿಂದೆ ಹೋದರು.

ಹಗುರವೇ ಬಲ ಎಂಬ ಈ ಲೆಕ್ಕವನ್ನು ಜಗತ್ತಿಗೆ ತೋರಿಸಿದ ಕಾರು 1957ರ ಲೋಟಸ್ ಸೆವೆನ್. ಕಾಲಿನ್ ಚಾಪ್‌ಮನ್ ಅದನ್ನು ಬಿಡಿಭಾಗಗಳ ಕಿಟ್ ಆಗಿಯೂ ಮಾರುತ್ತಿದ್ದರು. ಮನೆಯಲ್ಲೇ ಜೋಡಿಸಿಕೊಂಡರೆ ಆಗಿನ ಬ್ರಿಟಿಷ್ ಖರೀದಿ ತೆರಿಗೆ ಉಳಿಯುತ್ತಿತ್ತು. ಅದೇ ವಿನ್ಯಾಸದ ದಾರಿಯಲ್ಲಿ ಮಹಾರಾಷ್ಟ್ರದ ಚಿಂಕಾರಾ ಮೋಟರ್ಸ್ ಎಂಬ ಸಣ್ಣ ಸಂಸ್ಥೆ 'ರೋಡ್‌ಸ್ಟರ್ 1.8 ಎಸ್' ಕಟ್ಟಿತು. ಎರಡೇ ಸೀಟು, ಇಸುಜು 1.8 ಲೀಟರ್ ಎಂಜಿನ್. ಅಂಬಾಸಿಡರ್‌ನಲ್ಲೂ ಇಸುಜು 1.8 ಎಂಜಿನ್ ಬರುತ್ತಿತ್ತು ಅನ್ನೋದನ್ನು ನೆನಪಿಸಿಕೊಂಡರೆ, ಎಂಜಿನ್ನಿಗಿಂತ ತೂಕ ಎಷ್ಟು ಮುಖ್ಯ ಅಂತ ಅರ್ಥವಾಗುತ್ತೆ.

ಸರಿ, ನಾವೂ ಕಟ್ಟೋಣ ಅಂದ್ರೆ? ಇಲ್ಲೇ ಇರೋದು ತೊಡಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಖಚಿತಪಡಿಸಿತು. ಚಾಸಿಸ್ ಕತ್ತರಿಸಿ ಹೊಸ ಬಾಡಿ ಕೂರಿಸಿದರೆ ಅದು ಅಜ್ಜನ ಪದ್ಮಿನಿ ಅಲ್ಲ. ಹೊಸ ಮಾದರಿಯನ್ನು ಮಾರುವ ತಯಾರಕರಾದರೆ ಮಾದರಿ ವಾಹನವನ್ನು ಎಆರ್‌ಎಐ ತರಹದ ಸಂಸ್ಥೆಯ ಪರೀಕ್ಷೆಗೆ ಒಡ್ಡಬೇಕು. ಸಣ್ಣ ಗ್ಯಾರೇಜಿಗೆ ಅದು ಸುಲಭದ ಮಾತಲ್ಲ. ಹೇಳದೇ ಮಾಡಿಸಿದ ಬದಲಾವಣೆ, ಅಪಘಾತವಾದ ದಿನ ವಿಮೆ ಕ್ಲೇಮಿಗೇ ಮುಳುವಾಗಬಹುದು. ಮನೆಮಂದಿ ಕೂರುವ ಗಾಡಿಯಲ್ಲಿ ಇದು ಸಣ್ಣ ವಿಷಯವೇ?

ಹಾಗಂತ ಆಸೆ ಬಿಡಬೇಕಿಲ್ಲ. ಎರಡು ದಾರಿ ಇವೆ. ಒಂದು, ಕಾರನ್ನು ಮೂಲರೂಪಕ್ಕೇ ತಂದು ಬ್ರೇಕು, ಸಸ್ಪೆನ್ಷನ್, ಟೈರು, ವೈರಿಂಗ್ ಗಟ್ಟಿ ಮಾಡಿಸುವುದು. 15 ವರ್ಷ ದಾಟಿದ ಖಾಸಗಿ ಕಾರಾದರೆ ಆರ್‌ಸಿ ನವೀಕರಣ ಮೊದಲು ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಎರಡು, ಟ್ರ್ಯಾಕಿಗೆಂದೇ ಕಟ್ಟುವುದು. ಅದನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ, ಲಾರಿಯಲ್ಲೇ ಸಾಗಿಸಬೇಕು.

ಈ ಎರಡನೇ ದಾರಿಗೆ ಗುರು ನಮ್ಮ ಪಕ್ಕದಲ್ಲೇ ಇದ್ದರು. ನಂಜನಗೂಡು, ಚಾಮರಾಜನಗರ ದಾಟಿ ದಿಂಬಂ ಘಾಟಿ ಇಳಿದು ಹೋದರೆ ಕೊಯಮತ್ತೂರು. ಅಲ್ಲಿನ ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ನನ್ನೇ ಇಟ್ಟು 'ಫಾರ್ಮುಲಾ ಮಾರುತಿ' ರೇಸ್ ಕಾರು ಕಟ್ಟಿದರು. ಮನೆಮನೆಯ ಕಾರಿನ ಎಂಜಿನ್ ಅದು! ಅದರಲ್ಲೇ ಎಷ್ಟೋ ಹುಡುಗರು ರೇಸ್ ಕಲಿತರು. ಅವರ ಹೆಸರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ಇಂದಿಗೂ ಕಾರುಗಳು ಓಡುತ್ತವೆ. ಒಂದು ಭಾನುವಾರ ಹೋಗಿ ನೋಡಿ ಬನ್ನಿ. ಪದ್ಮಿನಿಯನ್ನು ಬಿಚ್ಚಬೇಕೋ ಬೇಡವೋ ಅಂತ ಬಂದ ಮೇಲೆ ತೀರ್ಮಾನ ಮಾಡಿ.